ನಮ್ಮತ್ತೆ ಮತ್ತು ವಿಮಾನದ ಬಾಗಿಲು

ಫಿಸಿಕ್ಸ್ ಮೇಡಂ ಎಂದು ನಂಜನಗೂಡಿನಲ್ಲಿ ನನಗೆ ಒಂದಿಷ್ಟು ಮರ್ಯಾದೆಯಿದೆ. ಅದು ಕಾಲೇಜಿನ ಗೇಟಿನವರೆಗೆ ಮಾತ್ರ. ಟಿ. ನರಸೀಪುರದ ಅತ್ತೆಮನೆಯಲ್ಲಿ ಪಾಠ ಹೇಳುವವಳು ನಾನಾದರೂ ಪರೀಕ್ಷೆ ಮಾಡುವವರು ಅತ್ತೆ. ಬಾಗಿಲಿನ ವಿಷಯ ಬಂತೆಂದರೆ ನಾನು ಪಾಸಾದದ್ದೇ ಇಲ್ಲ.

ಬಸ್ಸಿನದು

ತೊಂಬತ್ತರ ದಶಕ, ನನ್ನ ಮದುವೆಯ ಹೊಸತು. ಅತ್ತೆಯ ಜೊತೆ ನರಸೀಪುರದಿಂದ ನಂಜನಗೂಡಿಗೆ ಪ್ರೈವೇಟ್ ಬಸ್ಸಿನಲ್ಲಿ ಬರುತ್ತಿದ್ದೆ. ಬಾಗಿಲಿನ ಲಾಕು ಯಾವ ಕಾಲದಲ್ಲೋ ಹಾಳಾಗಿ, ಅದರ ಕೆಲಸವನ್ನು ಒಂದು ತುಂಡು ಹಗ್ಗ ಮಾಡುತ್ತಿತ್ತು. ಅವತ್ತು ಅದೂ ಕಿತ್ತುಹೋಯಿತು. ಬಾಗಿಲ ಪಕ್ಕದಲ್ಲೇ ಕೂತಿದ್ದ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲನ್ನು ಹಿಡಿದೇಬಿಟ್ಟರು. ಸ್ಟಾಪು ಬಂದರೆ ಬಿಡುವುದು, ಜನ ಹತ್ತಿದ ಮೇಲೆ ಎಳೆದುಕೊಳ್ಳುವುದು. ಫುಟ್‌ಬೋರ್ಡಿನಲ್ಲಿ ನೇತಾಡಲು ಬಂದವರನ್ನೆಲ್ಲ ಗದರಿಸಿ ಒಳಗೆ ಹಾಕಿದರು. ನಂಜನಗೂಡಿನಲ್ಲಿ ಇಳಿಯುವಾಗ ಕಂಡಕ್ಟರು ಬಹಳ ವಿನಯದಿಂದ, “ನಾಳಿಕೂ ಬನ್ನಿ ಕಣವ್ವ, ನಮ್ ಕ್ಲೀನರು ರಜ ಹಾಕವ್ನೆ” ಎಂದ.

ಕುಕ್ಕರಿನದು

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ದಿಲ್ಲಿಯಲ್ಲಿದ್ದ ನನ್ನ ನಾದಿನಿಗೆ ಚೊಚ್ಚಲ ಹೆರಿಗೆ. ಇನ್ನೂ ದಿನ ಇದೆಯೆಂದು ಅತ್ತೆ ಬಾಣಂತನದ ಸಾಮಾನು ಹೊಂದಿಸುತ್ತಿದ್ದರೆ, ಅಲ್ಲಿನ ಡಾಕ್ಟರು ನಾಡಿದ್ದೇ ಆಪರೇಷನ್ ಎಂದುಬಿಟ್ಟರು. ರೈಲಿನಲ್ಲಿ ಹೋದರೆ ಮಗುವೇ ಸ್ಟೇಷನ್ನಿಗೆ ಕರೆಯಲು ಬರುತ್ತಿತ್ತು. ವಿಮಾನವೇ ಗತಿ. ಮಗಳು ಫೋನಿನಲ್ಲಿ ಅಳುತ್ತಿದ್ದಳು, ಅಮ್ಮ ಇಲ್ಲದೆ ಆಸ್ಪತ್ರೆಗೇ ಹೋಗುವುದಿಲ್ಲ ಎಂದು.

ಅತ್ತೆ ಒಪ್ಪಿಯೂ ಇದ್ದರು. ಅಷ್ಟರಲ್ಲಿ, ಒಂದೇ ಸಲ ವಿಮಾನ ಹತ್ತಿಳಿದಿದ್ದ ಪಕ್ಕದ ಮನೆಯಾಕೆ ಬಂದು ವರದಿ ಕೊಟ್ಟರು. ಅದರ ಬಾಗಿಲಿಗೆ ಬೀಗವಿಲ್ಲವಂತೆ, ಅಗುಳಿಯಿಲ್ಲವಂತೆ, ಒಬ್ಬಳು ಸಣಕಲು ಹುಡುಗಿ ಹಿಡಿ ತಿರುಗಿಸಿ ಮುಚ್ಚಿಬಿಟ್ಟಳಂತೆ. ಬರುವುದೇ ಇಲ್ಲವೆಂದು ಅತ್ತೆ ಅಲ್ಲೇ ಕೂತರು.

ನಾನು ಅಡುಗೆಮನೆಯಿಂದ ಕುಕ್ಕರ್ ತಂದೆ. ಮುಚ್ಚಳ ಒಳಗಡೆಯಿಂದ ಕೂರುವ ಜಾತಿಯದು. ಒಳಗಿನ ಆವಿ ಮುಚ್ಚಳವನ್ನು ಬಾಯಿಯ ಅಂಚಿಗೆ ಒತ್ತಿ ಹಿಡಿಯುತ್ತದೆ. ಆವಿ ಹೆಚ್ಚಿದಷ್ಟೂ ಅದು ಬಿಗಿ. ವಿಮಾನದ ಬಾಗಿಲೂ ಹಾಗೇ, ಚೌಕಟ್ಟಿಗಿಂತ ದೊಡ್ಡದು, ಒಳಗಿನಿಂದ ಬಂದು ಕೂರುತ್ತದೆ. ಮೇಲೆ ಹೋದಂತೆ ಹೊರಗೆ ಗಾಳಿ ತೆಳುವಾಗುತ್ತದೆ, ನಾವು ಉಸಿರಾಡಲು ಒಳಗೆ ತುಂಬಿರುವ ಗಾಳಿಯೇ ಬಾಗಿಲನ್ನು ಒತ್ತಿಕೊಂಡಿರುತ್ತದೆ. ತೆಗೆಯಬೇಕಾದರೆ ಮೊದಲು ಒಳಕ್ಕೆ ಎಳೆಯಬೇಕು, ಅಷ್ಟು ಒತ್ತಡದ ಎದುರು ಎಳೆಯುವ ಪೈಲ್ವಾನ ಇನ್ನೂ ಹುಟ್ಟಿಲ್ಲ ಎಂದೆಲ್ಲ ವಿವರಿಸಿದೆ. ಒಲೆಯ ಮೇಲಿಟ್ಟು ತೋರಿಸಿಯೂ ಆಯಿತು. ಸೀಟಿ ಹೊಡೆಯುವ ಕುಕ್ಕರನ್ನು ಅತ್ತೆ ಸುಮಾರು ಹೊತ್ತು ನೋಡಿದರು.

“ಬಾಗ್ಲು ಗಟ್ಟಿ, ಒಪ್ಕೊಂಡೆ ಕಣವ್ವ. ನಾವು ಕೂರೋದು ಬೇಳೆ ಜಾಗದಲ್ಲಿ ಅಂತಾಯ್ತು.”

ಮನೆಯದು

ಅತ್ತೆಗೆ ಬೀಗ ಹಾಕಿದರೆ ಸಾಲದು, ಜಗ್ಗಿ ನೋಡಬೇಕು. ಸಂತೆಗೆ ಹೊರಟರೆ ಸಂತೆಯಷ್ಟು, ಮೈಸೂರಿಗೆ ಹೊರಟರೆ ಮೈಸೂರಿನಷ್ಟು. ಅವತ್ತು ದಿಲ್ಲಿ. ಕೊನೆಗೆ ಮಗಳ ಅಳುವೇ ಗೆದ್ದಿತ್ತು. ಕಾರು ಮನೆ ಮುಂದೆ ನಿಂತಿದೆ, ಅತ್ತೆ ಹೊಸ್ತಿಲಿಗೆ ಕಾಲು ಕೊಟ್ಟು ಜಗ್ಗಿದರು. ಚಿಲಕವೇ ಬಾಗಿಲಿನಿಂದ ಕಿತ್ತು ಬೀಗದ ಸಮೇತ ಕೈಗೆ ಬಂತು. ಬಡಗಿಯನ್ನು ಹುಡುಕುವಷ್ಟು ಹೊತ್ತಿಲ್ಲ. ನಮ್ಮ ಜೊತೆ ಬರಬೇಕಿದ್ದ ನನ್ನ ಗಂಡ ಬಾಗಿಲು ಕಾಯಲು ಉಳಿದರು. ಅವರ ಮುಖ ನೋಡಲಾರದೆ ನಾನು ಕಾರು ಹತ್ತಿದೆ. ಬನ್ನೂರು ದಾಟಿದೆವು. ಅತ್ತೆ ತೃಪ್ತಿಯಿಂದ, “ಬೀಗ ಒಳ್ಳೇದು ಕಣವ್ವ, ಒಂಚೂರೂ ಅಳ್ಳಾಡ್ನಿಲ್ಲ” ಎಂದರು.

ವಿಮಾನದ್ದು

ನಮ್ಮ ಸೀಟು ತುರ್ತು ಬಾಗಿಲಿನ ಸಾಲಿಗೆ ಸರಿಯಾಗಿ ಹಿಂದೆ. ಬಾಗಿಲ ಪಕ್ಕ ದಿಲ್ಲಿ ಕಡೆಯ ಒಬ್ಬ ಗಟ್ಟಿಮುಟ್ಟಾದ ಆಸಾಮಿ ಕೂತಿದ್ದ, ತೋಳು ಒಂದೊಂದೂ ಒನಕೆಯ ಹಾಗೆ. ಗಗನಸಖಿ ಬಂದು ಅವನಿಗೆ ಆ ಬಾಗಿಲಿನ ಹಿಡಿ ತೋರಿಸಿ ಏನೋ ಹೇಳಿಕೊಟ್ಟಳು. ಏನಂತೆ ಎಂದು ಅತ್ತೆ ಕೇಳಿದರು. ಅಪಾಯವಾದರೆ ಇದನ್ನು ಹೇಗೆ ತೆಗೆಯಬೇಕು ಅಂತ, ಎಂದೆ. ಬಾಯಿಂದ ಮಾತು ಹೊರಟ ಮೇಲೆ ಗೊತ್ತಾಯಿತು ಕೆಟ್ಟೆ ಅಂತ. ಅತ್ತೆ ಆಗಲೇ ಇಳಿದುಹೋಗಲು ಬೆಲ್ಟು ಬಿಚ್ಚುತ್ತಿದ್ದರು. ಕೈ ಹಿಡಿದುಕೊಂಡು, ಅದು ನೆಲದ ಮೇಲೆ ನಿಂತಾಗಿನ ಮಾತು, ಮೇಲೆ ಹೋದ ಮೇಲೆ ಯಾರ ಕೈಲೂ ಆಗುವುದಿಲ್ಲ, ನಿಮಗೇ ಗೊತ್ತಲ್ಲ ಅತ್ತೆ ಎಂದೆ.

“ನಿಂಗೊತ್ತು, ನಂಗೊತ್ತು. ಅವನಿಗೆ ಗೊತ್ತಾ?”

ನಾನು ಬೆಲ್ಟಿನ ಎರಡು ತುದಿಯನ್ನೂ ಹುಡುಕಿ ಹಿಡಿದುಕೊಂಡೆ. ಅತ್ತೆ ಯೋಚಿಸಿದರು. ಮಗಳನ್ನು ನೆನೆದರೋ ಏನೋ, ಬೆಲ್ಟು ಮತ್ತೆ ಹಾಕಿಸಿಕೊಂಡರು. ವಿಮಾನ ಮೇಲೇರಿದ್ದೇ, ಅಳಿಯನಿಗೆಂದು ಕರಿದಿದ್ದ ಕೋಡುಬಳೆ ಡಬ್ಬವನ್ನು ಚೀಲದಿಂದ ತೆಗೆಸಿ, ಮುಂದಿನವನ ಭುಜ ತಟ್ಟಿ ಎರಡು ಕೈಗೂ ಒಂದೊಂದು ಕೊಟ್ಟರು. ಅವನು ಖುಷಿಯಾಗಿ ತಿಂದ. ಒಂದು ಕೈ ಖಾಲಿಯಾಗುವುದೇ ತಡ ಇನ್ನೊಂದು ಕೋಡುಬಳೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನು ಬೇಡವೆಂದು ತಲೆಯಾಡಿಸಿದ, ಆಮೇಲೆ ನನ್ನ ಕಡೆ ತಿರುಗಿ ಹಿಂದಿಯಲ್ಲಿ, ಮಾತಾಜಿಗೆ ಹೇಳಿ ಎಂದು ಅಂಗಲಾಚಿದ. ಹೇಳಿದೆ. ತಿನ್ನದಿದ್ದರೆ ಬೇಡ, ಹಿಡಿದುಕೊಂಡಿರಲಿ ಎಂದು ಅಪ್ಪಣೆಯಾಯಿತು.

ದಿಲ್ಲಿಯಲ್ಲಿ ಅಳಿಯ ಕಾಯುತ್ತಿದ್ದರು. ಮಗಳು ಅಮ್ಮನ ಮುಖ ನೋಡಿಯೇ ಆಸ್ಪತ್ರೆಗೆ ಎಂದು ಹಟ ಹಿಡಿದು ಮನೆಯಲ್ಲೇ ಕೂತಿದ್ದಾಳೆ ಎಂದರು. ಹೇಳುತ್ತಲೇ ಡಬ್ಬ ಈಸಿಕೊಂಡು ಅಲ್ಲಾಡಿಸಿದರು. ಸದ್ದಿಲ್ಲ. ಮುಚ್ಚಳ ತೆಗೆದು ನೋಡಿ ನನ್ನ ಮುಖ ನೋಡಿದರು.

ಅತ್ತೆ ಸೆರಗು ಸರಿಮಾಡಿಕೊಂಡು, “ನಿಮಗೆ ನಾನು ಬೇಕೋ ಕೋಡುಬಳೆ ಬೇಕೋ ಅಂತ ಮೇಲೇ ತೀರ್ಮಾನ ಆಗೋಯ್ತು ಅಳಿಯಂದ್ರೇ” ಎಂದರು.