ಗುರುವಾರವೇ ಹೊಲಿದ ಹೆಸರು

ಟೈಲರನ ಮಾತನ್ನು ನಂಬುವವರು ಲೋಕದಲ್ಲಿ ಯಾರೂ ಇಲ್ಲ. "ನಾಳೆ ಬನ್ನಿ" ಎಂದು ನಾವು ಹೇಳಿದರೆ "ಇನ್ನೂ ಕತ್ತರಿಯೇ ಹಾಕಿಲ್ಲ" ಎಂದು ಗಿರಾಕಿ ಅರ್ಥ ಮಾಡಿಕೊಳ್ಳುತ್ತಾನೆ. ಹೆಚ್ಚಿನ ಸಲ ಅವನ ಊಹೆ ಸರಿಯೂ ಆಗಿರುತ್ತದೆ. ಈ ಅಪವಾದ ನನಗೊಬ್ಬನಿಗೆ ತಗಲಬಾರದೆಂದು ಕಸುಬಿಗೆ ಕೂತ ದಿನದಿಂದ ಹಟ ಹಿಡಿದವನು ನಾನು. ಏಳನೇ ಕ್ಲಾಸಿನ ನಡುವೆಯೇ ಶಾಲೆಗೆ ಕೈಮುಗಿದು ಕಾಪುವಿನಲ್ಲಿ ಸೋದರಮಾವನ ಮಿಷನ್ನಿನ ಮುಂದೆ ಕೂತೆ. ಓದನ್ನು ಅರ್ಧಕ್ಕೆ ಬಿಟ್ಟವನು ಎಂಬ ಹೆಸರು ಹೇಗೂ ಬಂದಾಗಿತ್ತು, ಹೊಲಿಗೆಯನ್ನೂ ಅರ್ಧಕ್ಕೆ ಬಿಡುವವನು ಎಂಬ ಇನ್ನೊಂದು ಹೆಸರು ಬೇಡವಾಗಿತ್ತು. ಕುವೈತಿಗೆ ಬಂದ ಮೇಲೂ ಈ ಹಟ ಬಿಡಲಿಲ್ಲ. ರಂಜಾನ್ ತಿಂಗಳಲ್ಲಿ ಇಲ್ಲಿನವರ ಬಿಳಿ ನಿಲುವಂಗಿಗಳು ಸಾಲ್ಮಿಯಾದ ನಮ್ಮ ಅಂಗಡಿಯ ಮಾಡಿನ ತನಕ ರಾಶಿ ಬೀಳುತ್ತವೆ. ಹಬ್ಬದ ಮುನ್ನಾದಿನಕ್ಕೆ ಒಂದೇ ಒಂದು ಗುಂಡಿಯೂ ಬಾಕಿ ಉಳಿದದ್ದಿಲ್ಲ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಆದರೆ ಕೆಲಸವನ್ನು ತಡಮಾಡಿ ಕೆಡಿಸುವವರಿರುವ ಹಾಗೆ ಬೇಗ ಮುಗಿಸಿ ಕೆಡಿಸುವವರೂ ಇರುತ್ತಾರೆ. ಅಂಥವನೊಬ್ಬನ ಕಥೆ ನನಗೆ ಚೆನ್ನಾಗಿ ಗೊತ್ತು.

ನಮ್ಮ ಅಂಗಡಿಗೆ ಪ್ಯಾಂಟು ಹೊಲಿಸಲು ಒಬ್ಬರು ಅಮೆರಿಕದವರು ಬರುತ್ತಿದ್ದರು. ಹತ್ತಿರದ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುವವರು, ಎಲ್ಲರೂ ಅವರನ್ನು ಕೋಚ್ ಎಂದೇ ಕರೆಯುತ್ತಿದ್ದರು. ಅವರು ಬಾಗಿಲಲ್ಲಿ ನಿಂತರೆ ಅಂಗಡಿಗೆ ಟ್ಯೂಬ್‌ಲೈಟ್ ಹಾಕಬೇಕು, ಅಷ್ಟು ಎತ್ತರ. ಅವರ ಅಳತೆ ತೆಗೆಯುವಾಗ ನಾನು ಸ್ಟೂಲು ಹತ್ತುತ್ತಿದ್ದೆ. ನಮ್ಮಲ್ಲಿ ಕಟಿಂಗ್ ಮತ್ತು ಇಸ್ತ್ರಿ ನೋಡಿಕೊಳ್ಳುವ ಉಳ್ಳಾಲದ ಹಮೀದ್ ಆಗ, "ವಾಸಣ್ಣಾ, ಬಿದ್ದರೆ ಇನ್ಶೂರೆನ್ಸ್ ಉಂಟಾ?" ಎಂದು ಕೇಳುವುದು ರೂಢಿ. ಒಂದು ಜೂನ್ ತಿಂಗಳಲ್ಲಿ ಕೋಚ್ ಅಳತೆ ಕೊಡಲು ಬರಲಿಲ್ಲ, ಒಂದು ಕಾಗದ ಹಿಡಿದುಕೊಂಡು ಬಂದರು. ಕಾಗದದಲ್ಲಿ ಹತ್ತು ಹೆಸರುಗಳು. ಒಂಬತ್ತನ್ನು ಶಾಯಿಯಲ್ಲಿ ಬರೆದಿದ್ದರು, ಹತ್ತನೆಯದನ್ನು ಪೆನ್ಸಿಲಿನಲ್ಲಿ. ನೇರಳೆ ಬಣ್ಣದ ದಪ್ಪ ಸ್ಯಾಟಿನ್ ಬಟ್ಟೆಯ ಮೇಲೆ ಈ ಹೆಸರುಗಳನ್ನು ಚಿನ್ನದ ಬಣ್ಣದ ನೂಲಿನಲ್ಲಿ ಕಸೂತಿ ಮಾಡಿ ಗೋಡೆಗೆ ತೂಗುಹಾಕುವ ಹಾಗೆ ಮಾಡಿಕೊಡಬೇಕಂತೆ. "ಒಂಬತ್ತು ಸಾಕು ಮಾಸ್ಟರ್. ಹತ್ತನೆಯದಕ್ಕೆ ಜಾಗ ಬಿಡಿ. ಅದು ಬಂದರೆ ಆಮೇಲೆ ಹೊಲಿಯುವ" ಎಂದರು. ಎಲ್ಲಿಂದ ಬರಬೇಕು ಎಂದು ಕೇಳುವಷ್ಟು ಇಂಗ್ಲಿಷ್ ನನ್ನ ಹತ್ತಿರ ಇರಲಿಲ್ಲ. "ಎಸ್ ಸರ್, ಫ್ರೈಡೇ ಮಾರ್ನಿಂಗ್" ಎಂದೆ.

ವಿವರ ಸಿಕ್ಕಿದ್ದು ಮನೆಯಲ್ಲಿ. ಮಗಳು ಶ್ರೇಯಾ ಆಗ ಹತ್ತನೇ ಕ್ಲಾಸು, ಶಾಲೆಯ ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿದ್ದವಳು, ಪಂದ್ಯಗಳಲ್ಲಿ ಕೋಚ್‌ನ ಪರಿಚಯವಿದ್ದವಳು. ಕಾಗದ ನೋಡಿದ್ದೇ, "ಪಪ್ಪಾ! ಓ ಮೈ ಗಾಡ್!" ಎಂದು ಸೋಫಾದಿಂದ ಹಾರಿದಳು. ನಾನು ಕನ್ನಡದಲ್ಲಿ ಕೇಳಿದೆ, ಅವಳು ಇಂಗ್ಲಿಷಿನಲ್ಲಿ ಹೇಳಿದಳು, ನಡುವೆ ಅವಳಮ್ಮ ದುಭಾಷಿಯ ಕೆಲಸ ಮಾಡಿದಳು. ಅಮೆರಿಕದಲ್ಲಿ ಕಾಲೇಜುಗಳಿಗೆಲ್ಲ ಬ್ಯಾಸ್ಕೆಟ್‌ಬಾಲ್ ತಂಡಗಳಿವೆಯಂತೆ. ವರ್ಷಕ್ಕೊಮ್ಮೆ, ಒಂದೇ ದಿನ, ಸಂಬಳ ಕೊಡುವ ದೊಡ್ಡ ಲೀಗಿನ ತಂಡಗಳೆಲ್ಲ ಸೇರಿ ಸರದಿಯಂತೆ ಒಬ್ಬೊಬ್ಬನೇ ಹುಡುಗನ ಹೆಸರು ಕೂಗಿ ಆರಿಸಿಕೊಳ್ಳುತ್ತವಂತೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಒಟ್ಟು ಅರವತ್ತೇ ಹೆಸರು. ಆಡುವವರು ಸಾವಿರ ಸಾವಿರ. ಕೋಚ್ ಓದಿದ್ದು ಒಂದು ಪುಟ್ಟ ಊರಿನ ಪುಟ್ಟ ಕಾಲೇಜಿನಲ್ಲಿ. ಅದು ಶುರುವಾದಂದಿನಿಂದ ಹೀಗೆ ಆಯ್ಕೆಯಾದವರು ಒಂಬತ್ತೇ ಮಂದಿ. ಈ ಸಲದ ಹುಡುಗನ ಹೆಸರು ಟೆರೆನ್ಸ್. ಕೋಚ್ ಕುವೈತಿಗೆ ಬರುವ ಮೊದಲು ತಾವೇ ಶಾಲೆಯಲ್ಲಿ ಆಟ ಕಲಿಸಿ ಆ ಕಾಲೇಜಿಗೆ ಕಳಿಸಿದವನು. ನಾನು ಆ ಕಾಗದವನ್ನು ಮತ್ತೊಮ್ಮೆ ನೋಡಿದೆ. ಬೆಳಿಗ್ಗೆ ಅದನ್ನು ಮಡಚಿ ಚಹಾದ ಗ್ಲಾಸಿನ ಅಡಿಗೆ ಇಟ್ಟಿದ್ದೆ. ಈಗ ಮುಟ್ಟಲೂ ಹಿಂಜರಿಕೆಯಾಯಿತು. ಕೈತೊಳೆದು ಬಂದು ದೇವರ ಫೋಟೋದ ಬದಿಯಲ್ಲಿಟ್ಟೆ.

ಗುರುವಾರ ಮಧ್ಯಾಹ್ನಕ್ಕೆ ಒಂಬತ್ತು ಹೆಸರೂ ಮುಗಿದವು. ಬಟ್ಟೆಯನ್ನು ಮೇಜಿನ ಮೇಲೆ ಹರಡಿ ನೋಡಿದೆ. ಒಂಬತ್ತು ಸಾಲು ಹೊಳೆಯುತ್ತಿದೆ, ಕೆಳಗೆ ಒಂದು ಗೇಣು ಖಾಲಿ. ಆ ಖಾಲಿ ಜಾಗ ನನ್ನನ್ನು ನೋಡಿ ನಗುತ್ತಿತ್ತು. ತೋಳಿಲ್ಲದ ಅಂಗಿಯನ್ನು ಗಿರಾಕಿಯ ಕೈಗೆ ಕೊಟ್ಟ ಹಾಗೆ! ಇಷ್ಟು ವರ್ಷಗಳಲ್ಲಿ ಅರೆಬರೆ ಕೆಲಸ ಕೊಟ್ಟವನಲ್ಲ ನಾನು. ಕೋಚ್ ಕಲಿಸಿದ ಹುಡುಗ, ಬಾರದೆ ಎಲ್ಲಿ ಹೋಗುತ್ತಾನೆ? ಬಂದ ಮೇಲೆ ಹೊಲಿಯುವುದರಲ್ಲಿ ಏನು ದೊಡ್ಡಸ್ತಿಕೆ? ಹೆಸರು ಕೂಗಿದ ಕ್ಷಣಕ್ಕೆ ಬಟ್ಟೆ ಬಿಚ್ಚಿದರೆ ಅಲ್ಲಿ ಆಗಲೇ ಹೆಸರಿರಬೇಕು. ಟೈಲರ್ ಅಂದರೆ ಅದು! ಹೀಗೆಲ್ಲ ಯೋಚಿಸುವಷ್ಟರಲ್ಲಿ ಕಾಲು ಪೆಡಲಿನ ಮೇಲೆ ಹೋಗಿತ್ತು. ಟೆರೆನ್ಸನ ಮನೆತನದ ಹೆಸರು ಗೂಡ್ಸ್ ರೈಲಿನಷ್ಟು ಉದ್ದ. ಅದನ್ನು ಮುಗಿಸಿ, ಹಿಂದಿನಿಂದ ಲೈನಿಂಗ್ ಹೊಲಿದು, ಇಸ್ತ್ರಿಗೆಂದು ಹಮೀದನ ಮುಂದೆ ಹಿಡಿದೆ.

ಹಮೀದ್ ಹೆಸರುಗಳನ್ನು ಬೆರಳಿಟ್ಟು ಎಣಿಸಿದ. "ವಾಸಣ್ಣಾ, ಒಂಬತ್ತು ಅಂದಿದ್ರಲ್ಲ?"

"ಹತ್ತನೆಯದು ನಾಳೆ ಬೆಳಿಗ್ಗೆ ಬರ್ತದೆ."

"ಬರ್ತದೆ ಅಂತ ನಿಮಗೆ ಯಾರು ಹೇಳಿದ್ದು?"

"ಬಾರದೆ ಎಲ್ಲಿಗೆ ಹೋಗ್ತದೆ ಮಾರಾಯಾ?"

ಅವನು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. ಅವನು ಹಾಗೆ ನಿಲ್ಲಿಸಿದನೆಂದರೆ ನನಗೆ ಉಪದೇಶವಿದೆ ಎಂದೇ ಲೆಕ್ಕ. "ಅಲ್ಲ ವಾಸಣ್ಣಾ, ಹುಡುಗಿ ನೋಡ್ಲಿಕ್ಕೆ ಹೋಗುವ ಮೊದಲೇ ಯಾರಾದ್ರೂ ಮದುವೆ ಕಾಗದ ಹಂಚ್ತಾರಾ? ಇದು ಸ್ಯಾಟಿನ್. ಬಿಚ್ಚಿದ್ರೆ ತೂತು ಹೋಗ್ತದಾ? ನಿಮಗೆ ನಾನು ಹೇಳ್ಬೇಕಾ?" ಹೇಳಬೇಕಾಗಿರಲಿಲ್ಲ. ಹತ್ತಿ ಬಟ್ಟೆಗೆ ಮರೆವು ಇದೆ, ಒಂದು ಸಲ ಒಗೆದರೆ ಸೂಜಿಯನ್ನು ಮರೆಯುತ್ತದೆ. ಸ್ಯಾಟಿನ್ ನಮ್ಮ ಅತ್ತೆಯವರ ಹಾಗೆ, ಒಮ್ಮೆ ಚುಚ್ಚಿದರೆ ಸಾಯುವ ತನಕ ನೆನಪಿಟ್ಟುಕೊಳ್ಳುತ್ತದೆ. ಹುಡುಗನ ಹೆಸರು ಬಾರದಿದ್ದರೆ ಕೋಚ್ ತಮ್ಮ ಮನೆಯಲ್ಲಿ, ತಮ್ಮ ಕೈಯಾರೆ, ಸುಳ್ಳನ್ನು ಬಿಚ್ಚಿ ನೋಡಬೇಕಾಗುತ್ತದೆ. ಹೊಸದು ಹೊಲಿಯೋಣವೆಂದರೆ ಆ ಬಣ್ಣದ ಬಟ್ಟೆ ಅಷ್ಟೇ ಇದ್ದದ್ದು, ಅದನ್ನೂ ಅವರೇ ತಮ್ಮ ಕಾಲೇಜಿನ ಬಣ್ಣವೆಂದು ಅಮೆರಿಕದಿಂದ ತರಿಸಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಆದರೂ, "ನೀನು ಇಸ್ತ್ರಿ ಹಾಕು" ಎಂದೆ. ಅಭಿಮಾನ ಎನ್ನುವುದು ಬುದ್ಧಿಗಿಂತ ಮೇಲೆ ಇರುತ್ತದಲ್ಲ.

ಶುಕ್ರವಾರ ರಜೆ. ಟೆರೆನ್ಸನ ಹೆಸರು ಬಂದರೆ ಎರಡನೇ ಸುತ್ತಿನಲ್ಲೇ ಬರುವುದು, ಆಗ ನಮಗೆ ಬೆಳಗಾಗಿರುತ್ತದೆ, ತಿಂಡಿಗೆ ಬನ್ನಿ ಎಂದು ಕೋಚ್ ಕರೆದಿದ್ದರು. ಹಮೀದ್ ಬೆಳಗಿನ ಸುಬಹಿ ನಮಾಜು ಮುಗಿಸಿ ಬಂದ. ನಾನು, ಅವನು, ಶ್ರೇಯಾ ಮೂವರೂ ಸಮುದ್ರದ ಬದಿಯ ಅವರ ಫ್ಲ್ಯಾಟಿಗೆ ಹೋದೆವು. ನನ್ನ ಮಡಿಲಲ್ಲಿ ಸುತ್ತಿದ ಬಟ್ಟೆ. ಟೀವಿಯಲ್ಲಿ ಮೊದಲ ಸುತ್ತಿನಲ್ಲಿ ಆಯ್ಕೆಯಾದವರನ್ನು ನಡುನಡುವೆ ಮತ್ತೆ ತೋರಿಸುತ್ತಿದ್ದರು. ನಾನು ಬಾಯಿ ತೆರೆದವನು ಮುಚ್ಚಲಿಲ್ಲ. ಎಂಥ ಹುಡುಗರು! ಹೆಸರು ಕೂಗಿದಾಗ ಕುರ್ಚಿಯಿಂದ ಏಳುತ್ತಾರೆ, ಏಳುತ್ತಾರೆ, ಇನ್ನೂ ಏಳುತ್ತಲೇ ಇರುತ್ತಾರೆ. ಅಮ್ಮಂದಿರು ಅವರನ್ನು ತಬ್ಬಿಕೊಂಡರೆ ತಲೆ ಮಕ್ಕಳ ಹೊಟ್ಟೆಯ ಹತ್ತಿರ ಬರುತ್ತದೆ. ಎಲ್ಲರೂ ಹೊಸ ಸೂಟಿನಲ್ಲಿ. ಆ ತೋಳಿನ ಉದ್ದಕ್ಕೆ ನನ್ನ ಟೇಪು ಸಾಲದು. ಆದರೂ ಮಣಿಕಟ್ಟಿನ ಹತ್ತಿರ ಅಂಗಿಯ ಪಟ್ಟಿ ಅರ್ಧ ಇಂಚು ಹೊರಗೆ ಕಾಣುತ್ತಿತ್ತು, ಶಾಸ್ತ್ರಕ್ಕೆ ಸರಿಯಾಗಿ. ಯಾವನೋ ಒಬ್ಬ ಟೈಲರ್ ಏಣಿ ಇಟ್ಟು ಹೊಲಿದಿರಬೇಕು. ಆ ಕಾಣದ ಮಹಾನುಭಾವನಿಗೆ ಮನಸ್ಸಿನಲ್ಲೇ ನಮಸ್ಕರಿಸಿದೆ.

ಒಬ್ಬ ಹುಡುಗ ಒಂದು ತಂಡದ ಟೋಪಿ ಹಾಕಿಕೊಂಡ. ಅವನು ಮೆಟ್ಟಿಲು ಇಳಿಯುವುದರೊಳಗೆ ಆ ತಂಡ ಅವನನ್ನು ಇನ್ನೊಂದು ತಂಡಕ್ಕೆ ಕೊಟ್ಟಾಗಿದೆ ಎಂದು ಶ್ರೇಯಾ ಹೇಳಿದಳು. ಹಮೀದ್ ತಟ್ಟೆ ಕೆಳಗಿಟ್ಟ. "ಅಂದ್ರೆ ಯಜಮಾನ ಬದಲಾದ, ಕಫೀಲ್ ಬದಲಾದ? ಹತ್ತು ನಿಮಿಷದಲ್ಲಿ? ಸ್ಟ್ಯಾಂಪ್ ಇಲ್ಲ, ಇಕಾಮಾ ಪರ್ಮಿಟ್ ಇಲ್ಲ? ಹಿಂದಿನ ಅಂಗಡಿಯಿಂದ ರಿಲೀಸ್ ಸಿಗ್ಲಿಕ್ಕೆ ನಾನು ಮೂರು ವರ್ಷ ಆ ಯಜಮಾನನ ಕಾಲು ಹಿಡಿದೆ ಮಾರಾಯ್ರೇ!" ನನಗೂ ಆಗಲೇ ಈ ಆಟ ಪೂರ್ತಿ ಅರ್ಥವಾದದ್ದು. ಚೆಂಡು, ಬುಟ್ಟಿ ಎಲ್ಲ ಆಮೇಲಿನ ಮಾತು. ಇದು ಪರದೇಶಕ್ಕೆ ಜನ ಕಳಿಸುವ ಬೊಂಬಾಯಿಯ ಏಜೆನ್ಸಿಯ ಇಂಟರ್‌ವ್ಯೂ ಹಾಲ್! ನಾವೂ ಹೀಗೇ ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದೆವು. ಒಬ್ಬ ಪಟ್ಟಿ ಹಿಡಿದು ಬಂದು ಹೆಸರು ಕೂಗುತ್ತಿದ್ದ. ಯಾವ ದೇಶ, ಯಾವ ಯಜಮಾನ ಎಂದು ಆರಿಸುವ ಹಕ್ಕು ನಮಗಿರಲಿಲ್ಲ. ನಮ್ಮನ್ನು ಆರಿಸಿದರೆ ಸಾಕು. ಕೂಗಿದವನು ಪಟ್ಟಿ ಮಡಚಿ, "ಖಲಾಸ್, ಬಾಕಿ ಲೋಗ್ ಘರ್ ಜಾವ್" ಎನ್ನುವಾಗ ಬೆಂಚಿನಲ್ಲಿ ಉಳಿಯುವವರ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ಉಳಿದವರಲ್ಲಿ ನಾನೂ ಇದ್ದೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಕೊನೆಗೆ ಬಂದದ್ದು ದೊಡ್ಡಪ್ಪನ ಮಗ ಕಳಿಸಿದ ವೀಸಾದಲ್ಲಿ.

ಅಷ್ಟರಲ್ಲಿ ಶ್ರೇಯಾ ಕೋಚ್‌ಗೆ ಅಭಿಮಾನದಿಂದ, ನನ್ನ ಅಪ್ಪನೂ ಹೀಗೇ ಬೊಂಬಾಯಿಯಲ್ಲಿ ಸೆಲೆಕ್ಟ್ ಆಗಿ ಬಂದವರು, ಮೊದಲನೇ ಇಂಟರ್‌ವ್ಯೂನಲ್ಲೇ ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಅಲ್ವಾ ಪಪ್ಪಾ?" ಎಂದು ನನ್ನ ಕಡೆ ತಿರುಗಿದಳು. ನಾನು ಬಾಯಿಗೆ ಬ್ರೆಡ್ಡು ತುಂಬಿಕೊಂಡು ತಲೆ ಆಡಿಸಿದೆ. ಹಮೀದ್ ಕಿಟಕಿಯ ಆಚೆ ಸಮುದ್ರ ನೋಡಿದ.

ಹೆಸರುಗಳು ಸಾಗಿದವು. ನಲವತ್ತಾಯಿತು. ಐವತ್ತಾಯಿತು. ಕೋಚ್ ಕೂತಲ್ಲೇ ಮುಂದಕ್ಕೆ ಬಾಗುತ್ತ ಬಾಗುತ್ತ ಟೀವಿಯ ಒಳಗೇ ಹೋಗುವ ಹಾಗಾದರು. ನನ್ನ ಮಡಿಲಿನ ಬಟ್ಟೆ ಬೆವರಿಗೆ ಒದ್ದೆಯಾಯಿತು. ಐವತ್ತೆಂಟು. ಐವತ್ತೊಂಬತ್ತು. ಕಟೀಲಮ್ಮನಿಗೆ ಹೂವಿನ ಪೂಜೆ ಹೇಳಿಕೊಂಡೆ. ಅರವತ್ತನೆಯ ಹೆಸರು ಬಂತು. ಅದು ಬೇರೆ ಯಾರದೋ ಮಗನದು.

ಕೋಚ್ ಟೀವಿಯ ಸದ್ದು ತಗ್ಗಿಸಿ ಫೋನ್ ಎತ್ತಿಕೊಂಡರು. ಟೆರೆನ್ಸನೊಡನೆ ನಿಧಾನವಾಗಿ ಮಾತಾಡಿದರು. ನನಗೂ ಅರ್ಥವಾಗುವಷ್ಟು ನಿಧಾನ. "ಮೊದಲು ಏನಾದರೂ ತಿನ್ನು. ನಿನ್ನ ಅಮ್ಮ ಮಾಡಿಟ್ಟದ್ದನ್ನು ತಿನ್ನು. ನನ್ನ ಹೆಸರು ಬಾರದ ದಿನ ನಾನು ಕೋಣೆಯ ಬಾಗಿಲು ಹಾಕಿಕೊಂಡು ಅಮ್ಮನ ಅಡುಗೆಯನ್ನೆಲ್ಲ ಹಾಳು ಮಾಡಿದೆ. ನನಗೆ ಇವತ್ತಿಗೂ ಇರುವ ಬೇಸರ ಅದೊಂದೇ." ಮೂರು ಜನ ಹೊರಗಿನವರ ಎದುರು, ದನಿ ತಗ್ಗಿಸದೆ ಹೇಳಿದರು. ನಾನು ದಂಗಾದೆ. ಆ ಒಂಬತ್ತು ಹೆಸರಿನಲ್ಲಿ ಇವರದೂ ಒಂದಿರಬೇಕೆಂದು ನಾನು ಎಣಿಸಿದ್ದೆ. ತಾನು ಇಲ್ಲದ ಪಟ್ಟಿಯನ್ನು ಈ ಮನುಷ್ಯ ಚಿನ್ನದ ನೂಲಿನಲ್ಲಿ ಬರೆಸಿ ತನ್ನ ಗೋಡೆಗೆ ಹಾಕಿಕೊಳ್ಳುತ್ತಿದ್ದಾನೆ! ಬೊಂಬಾಯಿಯಲ್ಲಿ ನನ್ನನ್ನು ಬಿಟ್ಟು ಸೆಲೆಕ್ಟ್ ಆದವರ ಹೆಸರುಗಳು ನನಗೂ ನೆನಪಿವೆ. ಒಬ್ಬನಿಗೂ ಇವತ್ತಿನವರೆಗೆ ಒಳ್ಳೆಯದನ್ನು ಹಾರೈಸಿದವನಲ್ಲ.

"ಬಿಚ್ಚಿ ಮಾಸ್ಟರ್, ನೋಡುವ" ಎಂದರು ಫೋನ್ ಇಟ್ಟು. ನಾನು ಜೀವಮಾನದಲ್ಲಿ ಮೊದಲ ಸಲ ಟೈಲರರ ಮಾತು ಆಡಿದೆ: "ಸರ್, ಸ್ಮಾಲ್ ವರ್ಕ್ ಬಾಕಿ. ಟುಮಾರೋ." ಅವರು ನಗುತ್ತ ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಿಚ್ಚಿಯೇಬಿಟ್ಟರು. ಹತ್ತು ಹೆಸರು ಹೊಳೆದವು. ಕೋಚ್ ಕೊನೆಯ ಸಾಲಿನ ಮೇಲೆ ಬೆರಳು ಆಡಿಸಿದರು. "ಯಾವಾಗ ಹೊಲಿದಿರಿ?"

"ನಿನ್ನೆ, ಸರ್. ಸಾರಿ, ಸರ್."

"ನಿನ್ನೆ ಇವನ ಮೇಲೆ ನನಗೇ ಇಷ್ಟು ಭರವಸೆ ಇರಲಿಲ್ಲ ಮಾಸ್ಟರ್" ಎಂದರು. "ಆದರೆ ತೆಗೆದುಬಿಡಿ. ಅವನು ಒಂದು ದಿನ ನನ್ನ ಮನೆಗೆ ಬರುತ್ತಾನೆ. ನೋಡಿದವರೆಲ್ಲ ಆಯ್ಕೆಯಾದವನೆಂದು ಅವನ ಕೈ ಕುಲುಕುತ್ತಾರೆ. ಒಬ್ಬೊಬ್ಬರಿಗೂ ಅವನು ನಾನಲ್ಲ, ನಾನಲ್ಲ ಎಂದು ಹೇಳುತ್ತಾ ನಿಲ್ಲಬೇಕಾಗುತ್ತದೆ" ಎಂದರು. ಬೈದಿದ್ದರೆ ಎಷ್ಟೋ ಸುಖವಾಗಿತ್ತು.

ಅಂಗಡಿಗೆ ಹೋಗಿ, ಅರ್ಧ ಷಟರ್ ಎಳೆದು, ಲೈನಿಂಗ್ ಬಿಚ್ಚಿ, ಬ್ಲೇಡಿನಲ್ಲಿ ಒಂದೊಂದೇ ಎಳೆ ತೆಗೆಯಲು ಕೂತೆ. ಹೊಲಿಯಲು ಒಂದು ಗಂಟೆ ಹಿಡಿದದ್ದನ್ನು ಬಿಚ್ಚಲು ಐದು ಗಂಟೆ ಹಿಡಿಯಿತು. ಹಮೀದ್ ರಜೆಯ ದಿನ ಬಿಟ್ಟು ಪಕ್ಕದಲ್ಲಿ ಕೂತು ನೂಲು ಹೆಕ್ಕಿದ. "ನಾನು ಹೇಳಿದ್ದೆ" ಎಂದು ಒಂದು ಸಲವೂ ಹೇಳಲಿಲ್ಲ, ಅದೇ ಹೆಚ್ಚು ಚುಚ್ಚಿತು. ಸಂಜೆ ಬಟ್ಟೆಯನ್ನು ಕೋಚ್ ಕೈಗೆ ಕೊಟ್ಟು, ತೂತು ಉಳಿದಿದೆ, ಕ್ಷಮಿಸಬೇಕು ಎಂದೆ. ಅವರು ಅದನ್ನು ಬಾಲ್ಕನಿಯ ಬಾಗಿಲಿಗೆ ಅಡ್ಡ ಹಿಡಿದರು. ಹೊರಗೆ ಕುವೈತಿನ ಜೂನ್ ತಿಂಗಳ ಬಿಸಿಲು. ಚಿನ್ನದ ಒಂಬತ್ತು ಹೆಸರುಗಳೂ ಬೆಳಕಿಗೆ ಅಡ್ಡವಾಗಿ ಕಪ್ಪಾದವು. ಕೆಳಗೆ, ಏನೂ ಇಲ್ಲದ ಕಡೆ, ಟೆರೆನ್ಸನ ಉದ್ದ ಹೆಸರು ಒಂದೊಂದು ತೂತಿನಲ್ಲೂ ಉರಿಯುತ್ತಿತ್ತು. ನಲವತ್ತು ವರ್ಷದ ಕಸುಬಿನಲ್ಲಿ ನನ್ನ ಕೈಯಿಂದ ಅಂಥ ಚಂದದ ಕೆಲಸ ಇನ್ನೊಂದು ಆದದ್ದಿಲ್ಲ. ಇದು ಆದದ್ದೂ ತಪ್ಪಿನಿಂದ.

ಕೋಚ್ ಬಟ್ಟೆಯನ್ನು ಗೋಡೆಗೆ ಹಾಕಲಿಲ್ಲ. ಆ ಬಾಲ್ಕನಿಯ ಗಾಜಿಗೆ ತೂಗುಹಾಕುತ್ತೇನೆ, ಲೈನಿಂಗ್ ಬೇಡ ಎಂದರು. ಆಮೇಲೆ ಸ್ವಲ್ಪ ನಾಚಿಕೊಂಡು ಕೇಳಿದರು: "ಮಾಸ್ಟರ್, ಸೂಜಿಗೆ ನೂಲು ಹಾಕದೆ ಹೊಲಿಯಲಿಕ್ಕೆ ಆಗುತ್ತದಾ? ಟೆರೆನ್ಸನ ಕೆಳಗೆ ಇನ್ನೊಂದು ಸಾಲು."

ಯಾರ ಹೆಸರು ಎಂದು ನಾನು ಕೇಳಲಿಲ್ಲ, ಅವರ ಹೆಸರು ನಮ್ಮ ಅಳತೆ ಪುಸ್ತಕದಲ್ಲೇ ಇತ್ತು. ಮರುದಿನ ಬೆಳಿಗ್ಗೆ ನೂಲಿಲ್ಲದ ಮಿಷನ್ನನ್ನು ಓಡಿಸಿ ಆ ಸಾಲು ಮುಗಿಸಿದೆ. ಮೂಲೆಯಲ್ಲಿ ಕತ್ತರಿಸಿ ಉಳಿದ ಸ್ಯಾಟಿನ್ನಿನ ಒಂದು ತುಂಡು ಬಿದ್ದಿತ್ತು. ಹೇಗೂ ಸೂಜಿ ಖಾಲಿ ಇದೆಯಲ್ಲ ಎಂದು ಅದರ ಮೇಲೂ ನಾಲ್ಕು ಅಕ್ಷರ ಓಡಿಸಿದೆ. ಅಷ್ಟರಲ್ಲಿ ಊಟದ ಡಬ್ಬಿ ತಂದ ಶ್ರೇಯಾ ಅದನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದಳು. "ಪಪ್ಪಾ, ದಿಸ್ ಈಸ್ ಯುವರ್ ನೇಮ್."

"ಮಿಷನ್ ಟೆಸ್ಟಿಂಗ್" ಎಂದೆ.

ಅವಳು ಮಿಷನ್ನಿನ ಮೇಲಿದ್ದ ಕೋಚ್‌ನ ಬಟ್ಟೆಯ ತೂತಿನ ಸಾಲುಗಳನ್ನೂ ಆ ತುಂಡನ್ನೂ ನನ್ನ ಮುಖವನ್ನೂ ನೋಡಿದಳು. ಬುದ್ಧಿ ಅವಳ ಅಮ್ಮನದು. "ಬೊಂಬಾಯಿಯಲ್ಲಿ ಎಷ್ಟು ಸಲ ಹೆಸರು ಬರಲಿಲ್ಲ, ಪಪ್ಪಾ?" ಎಂದು ಮೆಲ್ಲಗೆ, ಕನ್ನಡದಲ್ಲೇ ಕೇಳಿದಳು.

ಸುಳ್ಳು ಹೇಳಲು ಆ ದಿನ ನಾಲಿಗೆ ಏಳಲಿಲ್ಲ. ಬಾಯಿಗೆ ಪಿನ್ನು ಕಚ್ಚಿಕೊಂಡು ಎರಡು ಬೆರಳು ಎತ್ತಿ ತೋರಿಸಿದೆ. ಕೋಚ್‌ನ ಸಾಲಿಗೆ ನಾನೂ ಸೇರಿದೆ ಅನ್ನಿಸಿತು.

ಇಸ್ತ್ರಿಯ ಹಬೆಯ ಹಿಂದಿನಿಂದ ಹಮೀದನ ದನಿ ಬಂತು: "ನಾಲ್ಕು ಅಲ್ವಾ ವಾಸಣ್ಣಾ? ಕೊನೆಯ ಎರಡರಲ್ಲಿ ನಾನೇ ನಿಮ್ಮ ಬದಿಯ ಬೆಂಚಿನಲ್ಲಿ ಕೂತಿದ್ದೆನಲ್ಲ!"