ಸಕ್ಕರೆ ಹೆಚ್ಚಾದ ಮನೆಗೆ ಬಂದ 'ಡರ್ತ್'

ನನಗೊಂದು ಚಟವಿದೆ. ಬೀಡಿಗಿಂತ ಅಗ್ಗ, ಮನೆಯವರಿಗೆ ಬೀಡಿಗಿಂತ ತ್ರಾಸು. ದಿನಕ್ಕೊಂದು ಇಂಗ್ಲಿಷ್ ಪದ ಕಲಿತು, ಅದನ್ನು ಯಾರು ಎಷ್ಟು ಸಲ ಆಡಿದರೆಂದು ಡೈರಿಯಲ್ಲಿ ಗೀಟು ಎಳೆಯುತ್ತೇನೆ. ಗೀಟಿಗೊಂದು ಚಿಟಿಕೆ ಸಕ್ಕರೆ ನನ್ನ ಬಹುಮಾನ. ಸುರಪುರದ ನಮ್ಮ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಇಂಗ್ಲಿಷಿಗೆ ನಮ್ಮ ಓಣಿಯ ವಕೀಲ ಸಾಹೇಬರು ಕೊಟ್ಟ ಹರಕು ಡಿಕ್ಷನರಿಯೇ ಗುರು.

ಆ ಸೋಮವಾರ ಸಿಕ್ಕ ಪದ 'ಡರ್ತ್'. ಅರ್ಥ, ಅಭಾವ. ಮೂಲ ಓದಿ ಕುಣಿದುಬಿಟ್ಟೆ! 'ಡಿಯರ್' ಎಂಬುದರಿಂದ ಹುಟ್ಟಿದ್ದಂತೆ. ಡಿಯರ್ ಅಂದರೆ ತುಟ್ಟಿ, ಅಕ್ಕರೆಯದು ಕೂಡ. ಯುದ್ಧದಿಂದಾಗಿ ಸಕ್ಕರೆ, ಸೀಮೆಎಣ್ಣೆಗೆಲ್ಲ ಸರಕಾರದ ಕಂಟ್ರೋಲ್ ಬಂದಿದ್ದ ಕಾಲಕ್ಕೆ ಇದಕ್ಕಿಂತ ಒಪ್ಪುವ ಪದ ಯಾವುದು? ಅದೂ ಅಲ್ಲದೆ ನಮ್ಮ ಅಡುಗೆಮನೆಯಲ್ಲಿ 'ಇಲ್ಲ' ಅನ್ನುವಂತಿರಲಿಲ್ಲ. ಅಂದರೆ ಲಕ್ಷ್ಮಿ ಎದ್ದುಹೋಗುತ್ತಾಳೆ. ಡಬ್ಬಿ ಬರಿದಾದರೆ 'ಹೆಚ್ಚಾಗ್ಯದ' ಅನ್ನಬೇಕು. ಹೀಗೆ ಎಲ್ಲವೂ ಹೆಚ್ಚಾಗಿ ನಾವು ಬರೀ ರೊಟ್ಟಿ ತಿಂದ ದಿನಗಳೂ ಉಂಟು.

"ಅವ್ವಾ, ಇನ್ನ ಮ್ಯಾಲ ಡರ್ತ್ ಅನ್ನು. ಲಕ್ಷ್ಮಿಗಿ ಇಂಗ್ಲಿಷ್ ಬರಂಗಿಲ್ಲ," ಅಂದೆ.

"ಅಂದ್ರ ಏನಪಾ?"

"ಭಾಳ ಪ್ರೀತಿದು ಅಂತ."

"ಹಂಗಾದ್ರ ಅಡ್ಡಿಲ್ಲ ಬಿಡು."

ನನ್ನ ಡೈರಿಯಲ್ಲಿ ನಿಜವಾದ ಅರ್ಥ ಕದ್ದು ಓದಿದ್ದ ಅಕ್ಕ ಶಾಂತಾ ಮಾತ್ರ ಕಿಸಕ್ಕನೆ ನಕ್ಕಳು. "ನಿನ್ನ ತಲ್ಯಾಗ ಏನದ ಅಂತ ಯಾರರೆ ಕೇಳಿದ್ರ, ಇದೇ ಪದ ಹೇಳ್ತೀನಿ ನೋಡು."

ಗುರುವಾರದ ಹೊತ್ತಿಗೆ ಅವ್ವನ ಗೀಟು ಹದಿನೇಳು, ನನ್ನವು ಒಂಬತ್ತು. ಶುಕ್ರವಾರ ಅಕ್ಕನನ್ನು ನೋಡಲು ಶಹಾಪುರದಿಂದ ವರ ಮತ್ತು ಅವನ ಸೋದರಮಾವ ಬಂದರು. ಹಿಂದೆ ಎರಡು ಸಂಬಂಧ ತಪ್ಪಿದ್ದವು. ಇದೂ ತಪ್ಪೀತೆಂದು ಅವ್ವ ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಚಹಾಕ್ಕೆ ನೀರಿಟ್ಟು ಡಬ್ಬಿ ತೆರೆದವಳೇ ಧೈರ್ಯವಾಗಿ ಕೂಗಿದಳು: "ತಮ್ಮಾ, ಸಕ್ಕರಿ ಡರ್ತ್ ಆಗ್ಯದ! ಬಾಜೂ ಮನಿಗಿ ಓಡು!"

ಸೋದರಮಾವ ಹೈದರಾಬಾದಿನಲ್ಲಿ ಇಂಗ್ಲಿಷ್ ಮಾಸ್ತರರಾಗಿದ್ದವರೆಂದು ನನಗೆ ಯಾರೂ ಹೇಳಿರಲಿಲ್ಲ. ಅವರ ಮೀಸೆ ಅಲುಗಿತು.

"ಏನಂದ್ರಿ ಅಕ್ಕಾರ?"

"ಭಾಳ ಪ್ರೀತಿ ಅಂದೆರಿ," ಎಂದಳು ಅವ್ವ, ಬಾಗಿಲ ಮರೆಯಿಂದ.

ಮಾಸ್ತರರು ನನ್ನತ್ತ ತಿರುಗಿದರು. ಸಕ್ಕರೆಗೆ ಬಟ್ಟಲು ತರುವ ನೆಪದಲ್ಲಿ ನಾನು ಅಡುಗೆಮನೆಯತ್ತ ಜಾರಿದೆ. ಅಷ್ಟರಲ್ಲಿ ಅಕ್ಕ ತಾನೇ ಹೊರಗೆ ಬಂದಳು. "ಸಕ್ಕರಿ ಇಲ್ಲರಿ. ನಮ್ಮ ತಮ್ಮ ತಿಂದಾನ. ಬೆಲ್ಲದ ಪಾನಕ ಮಾಡ್ಲೇನ್ರಿ?"

ಒಳಗೆ ಅವ್ವನ ಕೈಯಿಂದ ಡಬ್ಬಿ ಬಿತ್ತು. ವರ ಮೊದಲ ಸಲ ತಲೆ ಎತ್ತಿ ಅಕ್ಕನನ್ನು ನೋಡಿದ. ಮಾಸ್ತರರು ನಕ್ಕುಬಿಟ್ಟರು. "ಮಾಡವ್ವಾ. ನಮ್ಮ ಮನ್ಯಾಗ ಸಕ್ಕರಿ ಅದ. ಖರೇ ಮಾತಾಡೋರೇ ಕಡಿಮಿ."

ಅಕ್ಕ ಗಂಡನ ಮನೆಗೆ ಹೋಗಿ ಇಂದಿಗೆ ಎಂಟು ದಿನ. ನನ್ನ ಪೆನ್ಸಿಲ್ ಕದಿಯುವವರಿಲ್ಲ, ಉಚ್ಚಾರಣೆಗೆ ನಗುವವರಿಲ್ಲ. ಡಬ್ಬಿಯ ತುಂಬ ಸಕ್ಕರೆಯಿದೆ. ಒಂದು ಚಿಟಿಕೆಯೂ ಮುಟ್ಟಿಲ್ಲ. ಆ ಸೋಮವಾರದ ಪುಟದಲ್ಲಿ ಪದದ ಮುಂದೆ 'ಅರ್ಥವಾಯಿತು' ಎಂದು ದೊಡ್ಡದಾಗಿ ಬರೆದುಕೊಂಡಿದ್ದೆ. ಈಗ ಅದನ್ನು ಹೊಡೆದುಹಾಕಿ, ಇವತ್ತಿನ ತಾರೀಖು ಹಾಕಿ ಮತ್ತೆ ಬರೆದಿದ್ದೇನೆ.