ಮಾವನ ಕೈಗೆ ಸಿಕ್ಕ ಕೂದಲು

ಮುಂಬಯಿಯ ಜೋಗೇಶ್ವರಿಯಲ್ಲಿರುವ ನಮ್ಮ ಸೋದರಮಾವನ ಮನೆಗೆ ಹೋಗುವವರು ಟೊಪ್ಪಿ ಹಾಕಿಕೊಂಡು ಹೋಗುವುದು ಕ್ಷೇಮ. ಇಲ್ಲವಾದರೆ ಕಾಫಿ ಬರುವ ಮೊದಲೇ ನಿಮ್ಮದೊಂದು ಕೂದಲು ಅವರ ಕೈಯಲ್ಲಿರುತ್ತದೆ!

ಹುಚ್ಚಲ್ಲ ಸ್ವಾಮಿ, ವಿಜ್ಞಾನ! ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಮಾವ ನಿವೃತ್ತರಾಗುವ ತನಕ ಅಳೆದದ್ದು ಸಣ್ಣ ಸಣ್ಣ ತಂತಿಗಳ ದಪ್ಪವನ್ನು, ಅದೂ ಮುಟ್ಟದೆ, ಬರೀ ಬೆಳಕಿನಿಂದ. ನಿವೃತ್ತಿಯ ಮೇಲೆ ತಂತಿ ಎಲ್ಲಿಂದ ಬರಬೇಕು? ಬಿಲ್ಡಿಂಗಿನಲ್ಲಿ ಧಾರಾಳವಾಗಿ ಸಿಗುವುದು ಕೂದಲೊಂದೇ. ಅದನ್ನು ಲೇಸರ್ ಟಾರ್ಚಿನ ಮುಂದೆ ಹಿಡಿದರೆ ಬೆಳಕು ಅದರ ಅಂಚಿಗೆ ಬಾಗಿ, ಗೋಡೆಯ ಮೇಲೆ ಕೆಂಪು ಚುಕ್ಕಿಗಳ ಸಾಲಾಗುತ್ತದೆ. ಚುಕ್ಕಿಗಳ ನಡುವಿನ ಅಂತರದಿಂದ ಕೂದಲಿನ ದಪ್ಪ ಲೆಕ್ಕ ಹಾಕಬಹುದು.

"ಕೂದಲು ಎಷ್ಟು ಸಪೂರವೋ, ಬೆಳಕು ಅಷ್ಟು ಅಗಲ ಹರಡ್ತದೆ ಮಾರಾಯ!" ಎಂದು ಮಾವ ಕುಣಿಯುತ್ತಾರೆ. ನಮಗೆಲ್ಲಿಯ ಕುಣಿತ? ಕಿಟಕಿಗೆ ಪರದೆ, ಫ್ಯಾನ್ ಬಂದ್. ಗಾಳಿಗೆ ಕೂದಲು ಅಲ್ಲಾಡಬಾರದಲ್ಲ! ಮುಂಬಯಿಯ ಮೇ ತಿಂಗಳಲ್ಲಿ ವಿಜ್ಞಾನಕ್ಕಾಗಿ ಬೆಂದವರು ನಾವು.

ಮಗಳನ್ನು ನೋಡಲು ಬಂದ ವರನನ್ನೂ ಅವರು ಬಿಡಲಿಲ್ಲ. ಪಾಪ, ಅವನ ತಲೆಯಲ್ಲಿ ಇದ್ದದ್ದೇ ಬೆರಳೆಣಿಕೆಯಷ್ಟು. "ಒಂದು ಕೊಡ್ತೀರಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಕಿತ್ತಾಗಿತ್ತು!

"ಓ ಇವ್ರೇ, ಅದು ಹುಡುಗ, ತೆಂಗಿನಕಾಯಿ ಅಲ್ಲ!" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು. ಆದರೂ ಹುಡುಗ ಒಪ್ಪಿದ. ಹುಡುಗಿಯ ಮೇಲಿನ ಮನಸ್ಸೋ, ಬೇಡವೆಂದರೆ ಇನ್ನೊಂದು ಹೋದೀತೆಂಬ ಭಯವೋ, ದೇವರೇ ಬಲ್ಲ.

ಕಳೆದ ವರ್ಷ ಅತ್ತೆಗೆ ದೊಡ್ಡ ಕಾಯಿಲೆ ಬಂತು. ಔಷಧಿಗೆ ತಲೆಗೂದಲೆಲ್ಲ ಉದುರಿತು. ಮಾವ ಟಾರ್ಚನ್ನು ಕಪಾಟಿನೊಳಗೆ ಹಾಕಿದವರು ಮತ್ತೆ ತೆಗೆಯಲಿಲ್ಲ. ನಾನು ಹೋದಾಗ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ನನಗೆ ಅಳುವೇ ಬಂತು. ತಲೆ ಬಗ್ಗಿಸಿ, "ಮಾವ, ಒಂದು ಕಿತ್ಕೊಳ್ಳಿ" ಎಂದೆ.

"ಈಗ ಬೇಡ. ಇವಳು ಒಮ್ಮೆ ಹುಷಾರಾಗ್ಲಿ" ಎಂದರು.

ಮೊನ್ನೆ ಭಾನುವಾರ ಹೋದರೆ, ಅತ್ತೆ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಮಾವನ ಮುಂದೆ ಕುಳಿತಿದ್ದಾರೆ! ಹಸುಗೂಸಿನ ತಲೆಯಂತೆ ನವಿರಾದ ಕೂದಲು ಚಿಗುರಿತ್ತು.

"ತೆಗೀರಿ ಒಂದು. ಇಷ್ಟು ಸಪೂರದ್ದು ನಿಮ್ಗೆ ಇಡೀ ಮುಂಬಯಿಯಲ್ಲಿ ಸಿಕ್ಕಲಿಕ್ಕಿಲ್ಲ" ಎಂದರು ಅತ್ತೆ.

ಮಾವ ಕೈ ಮುಂದೆ ಮಾಡಿದರು, ಹಿಂದಕ್ಕೆಳೆದುಕೊಂಡರು. ಕಣ್ಣು ತುಂಬಿತ್ತು.

"ಬೇಡ ಮಾರಾಯ್ತಿ. ಅಲ್ಲೇ ಇರ್ಲಿ."

"ಹಾಗಾದ್ರೆ ಅಳತೆ, ಮಾವ?" ಎಂದೆ ನಾನು.

ಅತ್ತೆಯ ತಲೆಯ ಮೇಲೆ ಮೆಲ್ಲಗೆ ಅಂಗೈ ಇಟ್ಟು ಮಾವ ಹೇಳಿದರು, "ಬೇಕಾದಷ್ಟು ಉಂಟು."